ಅಪ್ಪನ ಡಿಪಿಯಲ್ಲಿರುವ ಮನೆ

ಅಪ್ಪನ ವಾಟ್ಸ್ಆ್ಯಪ್ ಡಿಪಿಯಲ್ಲಿ ಒಂದು ಮನೆಯ ಚಿತ್ರ ಇದೆ. ಮೂರು ವರ್ಷದಿಂದ ಅದೇ ಇದೆ. ಸಂಜೆಯ ಹೊಂಬಿಸಿಲು, ಎರಡು ಅಂತಸ್ತು, ಮುಂಭಾಗಕ್ಕೆ ಹನ್ನೆರಡು ಅಡಿ ಎತ್ತರದ ಗಾಜು, ಒಳಗಿನಿಂದ ಬೀಳುವ ಹಳದಿ ಬೆಳಕು, ಗೇಟಿನ ಮುಂದೆ ನಾಯಿ ಹಿಡಿದುಕೊಂಡು ನಿಂತ ಒಬ್ಬ ಹೆಂಗಸು.

ಮನೆ ನಮ್ಮದೇ. ಕುಷ್ಟಗಿಯಲ್ಲಿದೆ. ಆದರೆ ಆ ಹೆಂಗಸು ಯಾರೋ ಗೊತ್ತಿಲ್ಲ. ನಾಯಿಯೂ ನಮ್ಮದಲ್ಲ. ಅದು ಫೋಟೋ ಕೂಡ ಅಲ್ಲ. ಅದನ್ನು ಮಾಡಿದವಳು ನಾನು.

ನಾನು ಬೆಂಗಳೂರಿನಲ್ಲಿ ವಿಷುವಲೈಸರ್. ಆರ್ಕಿಟೆಕ್ಟ್‌ಗಳು ಗೆರೆಗಳ ನಕ್ಷೆ ಕೊಡುತ್ತಾರೆ. ಇನ್ನೂ ಕಟ್ಟದೇ ಇರುವ ಕಟ್ಟಡದ ‘ಫೋಟೋ’ವನ್ನು ನಾನು ತಯಾರಿಸಿ ಕೊಡುತ್ತೇನೆ. ಆಫೀಸಿನಲ್ಲಿ ಇದಕ್ಕೆ ರೆಂಡರಿಂಗ್ ಅಂತಾರೆ. ಬ್ರೋಷರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಕಲಾವಿದನ ಕಲ್ಪನೆ’ ಅಂತ ಹಾಕಿರ್ತಾರಲ್ಲ, ಅದೇ. ನಮ್ಮೂರಲ್ಲಿ ಮಾತ್ರ ಒಂದೇ ಪದ: ‘ತ್ರೀಡಿ’. “ಪ್ಲ್ಯಾನ್ ಆತು, ತ್ರೀಡಿ ಬಂತೇನು?” ಅಂತ ಕೇಳುತ್ತಾರೆ, ಲಗ್ನಪತ್ರಿಕೆ ಅಚ್ಚಾಗಿ ಬಂತಾ ಅನ್ನೋ ಹಾಗೆ.

ಈ ಕೆಲಸದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಬರೆದರೆ ನನ್ನ ತಪ್ಪಿನಿಂದಲೇ ಶುರು ಮಾಡಬೇಕು ಅನ್ನೋ ಕಾರಣಕ್ಕೆ ಮುಂದೂಡುತ್ತಾ ಬಂದೆ.

ಕಟ್ಟಿ ಎಲ್ಲೈತಿ?

ಅಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಮನೆ ಕಟ್ಟಿಸಲು ಹೊರಟರು. ಊರಿನ ಎಂಜಿನಿಯರ್ ಒಬ್ಬರು ಸೀದಾಸಾದಾ ಪ್ಲ್ಯಾನ್ ಹಾಕಿಕೊಟ್ಟರು. ಮನೆ ಪಶ್ಚಿಮಕ್ಕೆ ಮುಖ. ಮುಂದೆ ಎಂಟಡಿ ಅಗಲದ ಪಡಸಾಲೆ, ಅದಕ್ಕೊಂದು ಕಟ್ಟೆ, ಕಿಟಕಿಗಳ ಮೇಲೆ ಎರಡಡಿ ಛಜ್ಜಾ. ನೋಡಿದರೆ ನಮ್ಮ ಹಳೇ ಮಾಳಿಗೆ ಮನೆಯನ್ನೇ ಸಿಮೆಂಟಿನಲ್ಲಿ ಬರೆದ ಹಾಗಿತ್ತು.

ನನಗೆ ಹಿಡಿಸಲಿಲ್ಲ. ಇಡೀ ದಿನ ಬೇರೆಯವರ ವಿಲ್ಲಾಗಳನ್ನು ಚಂದಗಾಣಿಸುವವಳು ನಾನು. ನಮ್ಮ ಮನೆ ಹೀಗಿರಬೇಕಾ? ಒಂದು ಶನಿವಾರ ರಾತ್ರಿ ಕೂತು ಪಡಸಾಲೆ ತೆಗೆದೆ, ಹಾಲನ್ನು ಮುಂದಕ್ಕೆ ಎಳೆದೆ, ಛಜ್ಜಾ ಅಳಿಸಿದೆ, ಗಾಜು ಹಾಕಿದೆ. ಬೆಳಗಿನ ಜಾವ ರೆಂಡರ್ ಮುಗಿಯಿತು. ಫ್ಯಾಮಿಲಿ ಗ್ರೂಪಿಗೆ ಕಳಿಸಿದೆ.

ಹೃದಯಗಳ ಸುರಿಮಳೆ. ಗಂಗಾವತಿಯ ಮಾಮ “ದುಬೈ ಮನಿ ಆತಲ್ಲೋ” ಅಂದರು. ಅಪ್ಪ ಏನೂ ಬರೆಯಲಿಲ್ಲ. ಹತ್ತು ನಿಮಿಷದಲ್ಲಿ ಅವರ ಡಿಪಿ ಬದಲಾಯಿತು.

ಅಜ್ಜಿಗೆ ಯಾರೋ ಫೋನಿನಲ್ಲಿ ತೋರಿಸಿದರಂತೆ. ಅವಳು ಕೇಳಿದ್ದು ಒಂದೇ: “ಛಲೋ ಐತಿ. ಕಟ್ಟಿ ಎಲ್ಲೈತಿ? ನಾ ಎಲ್ಲಿ ಕುಂದ್ರಲಿ?”

“ಈಗ ಕಟ್ಟಿ ಯಾರೂ ಹಾಕ್ಸಲ್ಲ ಅಜ್ಜಿ” ಅಂದೆ. ಎಂಜಿನಿಯರ್ ಕೂಡ ಒಮ್ಮೆ ಫೋನ್ ಮಾಡಿ, “ಮೇಡಂ, ಪಶ್ಚಿಮಕ್ಕ ಅಷ್ಟ್ ಗಾಜ ಬ್ಯಾಡ್ರಿ” ಅಂತ ಹೇಳಿದರು. ಅವರ ಮಾತಿಗೂ ನನ್ನ ಚಿತ್ರಕ್ಕೂ ಪೈಪೋಟಿ ಬಿದ್ದಾಗ ಗೆದ್ದದ್ದು ಚಿತ್ರ. ಮಾತು ಯಾವತ್ತೂ ಚಿತ್ರದ ಮುಂದೆ ಸೋಲುತ್ತೆ. ಗಾಜಿಗೇ ಎರಡು ಲಕ್ಷದ ಮೇಲೆ ಹೋಯಿತು.

ಸೂರ್ಯನನ್ನು ಎಳೆದು ಇಟ್ಟವಳು

ಗೃಹಪ್ರವೇಶ ಚಳಿಗಾಲದಲ್ಲಿ ಆಗಿತ್ತು. ಎಲ್ಲರೂ ಗಾಜಿನ ಮುಂದೆ ಸೆಲ್ಫಿ ತೆಗೆಸಿಕೊಂಡರು. ನಾನು ಮತ್ತೆ ಊರಿಗೆ ಹೋದದ್ದು ಏಪ್ರಿಲ್ ಕೊನೆಗೆ. ಮಧ್ಯಾಹ್ನ ಮೂರೂವರೆಗೆ ಆಟೋದಿಂದ ಇಳಿದೆ. ಮನೆ ಗುರುತೇ ಸಿಗಲಿಲ್ಲ. ಆ ಹನ್ನೆರಡಡಿ ಗಾಜಿಗೆ ಹೊರಗಿನಿಂದ ಹಸಿರು ಶೇಡ್‌ನೆಟ್ ಕಟ್ಟಿದ್ದರು. ನರ್ಸರಿಗಳಲ್ಲಿ ಸಸಿಗಳಿಗೆ ಕಟ್ಟುತ್ತಾರಲ್ಲ, ಅದು. ಹಾಲಿನಲ್ಲಿ ಯಾರೂ ಇರಲಿಲ್ಲ. ಸೋಫಾ ಮುಟ್ಟಿದರೆ ಬಿಸಿ. ಅಜ್ಜಿ ಹಿತ್ತಲಿನ ಬೇವಿನ ಗಿಡದ ಕೆಳಗೆ ಹೊರಸು ಹಾಕಿಕೊಂಡು ಮಲಗಿದ್ದಳು.

ಅಪ್ಪ ಬೈಯಲಿಲ್ಲ. “ರಾತ್ರಿ ಲೈಟ್ ಹಾಕಿದ್ರ ನಿನ್ ಫೋಟೋದಾಗಿದ್ದಂಗ ಕಾಣ್ತೈತಿ ನೋಡು” ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅವತ್ತು ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಳೇ ಫೈಲು ತೆರೆದೆ. ನಾವು ಬಳಸುವ ಎಲ್ಲಾ ಸಾಫ್ಟ್‌ವೇರ್‌ಗಳಲ್ಲೂ ಊರಿನ ಅಕ್ಷಾಂಶ-ರೇಖಾಂಶ, ತಾರೀಖು, ಸಮಯ ಹಾಕಿದರೆ ಸೂರ್ಯ ತಾನಾಗಿ ಸರಿಯಾದ ಜಾಗಕ್ಕೆ ಬರುತ್ತಾನೆ. ನಾನು ಅದನ್ನು ಹಾಕಿಯೇ ಇರಲಿಲ್ಲ. ನೆರಳು ಚಂದ ಬೀಳುವ ಹಾಗೆ ಸೂರ್ಯನನ್ನು ಮೌಸಿನಲ್ಲಿ ಎಳೆದು ಒಂದು ಪಕ್ಕಕ್ಕೆ ಇಟ್ಟಿದ್ದೆ. ನನ್ನ ಚಿತ್ರದಲ್ಲಿ ಬಿಸಿಲು ಬರುತ್ತಿದ್ದದ್ದು ದಕ್ಷಿಣದಿಂದ, ಅದೂ ತಣ್ಣಗೆ.

ಈ ಸಲ ಸರಿಯಾಗಿ ಲೆಕ್ಕ ಹಾಕಿದೆ. ಕುಷ್ಟಗಿ ಇರೋದು ಸುಮಾರು ಹದಿನೈದೂಮುಕ್ಕಾಲು ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ದಾಟುತ್ತಾನೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ. ಮೇ ಮೊದಲ ವಾರ ಸಂಜೆ ನಾಲ್ಕಕ್ಕೆ ಪಶ್ಚಿಮದಲ್ಲಿ ಅವನು ಸುಮಾರು 38 ಡಿಗ್ರಿ ಎತ್ತರದಲ್ಲಿರುತ್ತಾನೆ, ಐದಕ್ಕೆ 24. ಅಂದರೆ ಎರಡಡಿ ಛಜ್ಜಾದ ನೆರಳು ಗೋಡೆ ಮೇಲೆ ನಾಲ್ಕು ಗಂಟೆಗೆ ಬೀಳುವುದು ಒಂದೂವರೆ ಅಡಿ, ಐದಕ್ಕೆ ಒಂದಡಿಗೂ ಕಡಿಮೆ. ಹನ್ನೆರಡಡಿ ಗಾಜಿಗೆ ಅದು ಹಣೆಗೆ ಹಚ್ಚಿದ ವಿಭೂತಿ ಅಷ್ಟೇ.

ಎಂಟಡಿ ಪಡಸಾಲೆ ಇದ್ದಿದ್ದರೆ? ನಾಲ್ಕಕ್ಕೆ ಆರಡಿ ನೆರಳು, ಐದಕ್ಕೆ ಮೂರೂವರೆ ಅಡಿ. ಅದರ ಮುಂದೊಂದು ಬೇವಿನ ಗಿಡ ಇದ್ದರೆ ಉಳಿದದ್ದೂ ಮುಗೀತು. ನಮ್ಮ ಕಡೆ ಹಳೇ ಮನೆಗಳ ಮುಂದೆ ಪಡಸಾಲೆ ಯಾಕಿತ್ತು, ಗೋಡೆ ಯಾಕೆ ದಪ್ಪ ಇತ್ತು, ಬೆಳಕಿಂಡಿ ಯಾಕೆ ಸಣ್ಣದಾಗಿ ಮಾಳಿಗೆ ಮೇಲಿತ್ತು ಅನ್ನೋದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ. ಅಜ್ಜಿ ಕೇಳಿದ್ದು ಕೂರುವ ಜಾಗ. ನಾನು ಅಳಿಸಿದ್ದು ಮನೆಯ ನೆರಳನ್ನು.

ಚಿತ್ರ ಮೊದಲು, ಕಲ್ಲು ಆಮೇಲೆ

ಕಟ್ಟುವ ಮೊದಲು ಚಿತ್ರ ಬರೆದು ತೋರಿಸುವುದು ಕಂಪ್ಯೂಟರ್ ಕಾಲದ ಚಾಳಿ ಏನಲ್ಲ.

ಭೋಪಾಲದ ಹತ್ತಿರ ಭೋಜಪುರ ಅಂತ ಊರಿದೆ. ಅಲ್ಲಿ ಹನ್ನೊಂದನೇ ಶತಮಾನದ, ಅರ್ಧಕ್ಕೇ ನಿಂತ ಶಿವಾಲಯ ಇದೆ. ಸುತ್ತಲಿನ ಬಂಡೆಗಳ ಮೇಲೆ ಆ ಕಾಲದ ಶಿಲ್ಪಿಗಳು ಕಂಬ, ಶಿಖರ, ತಳವಿನ್ಯಾಸಗಳ ಗೆರೆ ಚಿತ್ರಗಳನ್ನು ಕೊರೆದಿದ್ದಾರೆ. ಸಾವಿರ ವರ್ಷದ ವರ್ಕಿಂಗ್ ಡ್ರಾಯಿಂಗ್! ಕಟ್ಟಡ ಪೂರ್ತಿ ಆಗಲಿಲ್ಲ, ಚಿತ್ರ ಉಳಿಯಿತು.

ನಮ್ಮ ಜಿಲ್ಲೆಯಲ್ಲೇ ನೋಡಿ. ಕುಕನೂರಿನ ಹತ್ತಿರದ ಇಟಗಿಯಲ್ಲಿ ಮಹಾದೇವ ದೇವಾಲಯ ಇದೆ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿನ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಹೊಗಳುತ್ತದೆ. ಶಾಲೆಯ ಟ್ರಿಪ್ಪಿನಲ್ಲಿ ಹೋದಾಗ ಕಂಬ ಎಣಿಸಿ ಬಂದಿದ್ದೆವು. ಈಗ ಹೋದರೆ ನನ್ನ ಕಣ್ಣು ಹೊರಗೋಡೆ ಮೇಲೆ ನಿಲ್ಲುತ್ತದೆ. ಅಲ್ಲಿ ಸಣ್ಣ ಸಣ್ಣ ಶಿಖರಗಳನ್ನು ಕೆತ್ತಿದ್ದಾರೆ. ದೊಡ್ಡ ಗುಡಿಯ ಗೋಡೆ ಮೇಲೆ ಪುಟ್ಟ ಗುಡಿಗಳು. ಅವು ಅಲಂಕಾರಕ್ಕೆಂದೇ ಇರಬಹುದು. ನನಗೆ ಮಾತ್ರ ಅದು ಕಲ್ಲಿನ ರೆಂಡರ್ ಹಾಗೆ ಕಾಣುತ್ತದೆ. ಒಂದು ವ್ಯತ್ಯಾಸ: ಅಲ್ಲಿ ಮಾದರಿ ಮತ್ತು ಕಟ್ಟಡ ಒಂದೇ ಕಲ್ಲಿನಲ್ಲಿವೆ, ಒಂದೇ ಬಿಸಿಲಿನಲ್ಲಿ ನಿಂತಿವೆ. ಸುಳ್ಳು ಹೇಳಲು ಅವಕಾಶವೇ ಇಲ್ಲ.

ನನ್ನ ವೃತ್ತಿಯ ಅಜ್ಜಿ ಅಂತ ನಾನು ಇಟ್ಟುಕೊಂಡಿರುವವಳು ಮರಿಯನ್ ಮಹೋನಿ ಗ್ರಿಫಿನ್. 1894ರಲ್ಲಿ ಅಮೆರಿಕದ ಎಂಐಟಿಯಿಂದ ಆರ್ಕಿಟೆಕ್ಚರ್ ಮುಗಿಸಿದಳು. ಫ್ರಾಂಕ್ ಲಾಯ್ಡ್ ರೈಟ್‌ಗೆ ಜಗತ್ತಿನಾದ್ಯಂತ ಹೆಸರು ತಂದ 1910ರ ಚಿತ್ರಸಂಪುಟದಲ್ಲಿ ಅವಳ ಕೈಚಳಕದ ಪಾಲು ದೊಡ್ಡದು. ಆಸ್ಟ್ರೇಲಿಯಾ ತನ್ನ ಹೊಸ ರಾಜಧಾನಿಗೆ ವಿನ್ಯಾಸ ಸ್ಪರ್ಧೆ ಕರೆದಾಗ, ಅವಳ ಗಂಡ ವಾಲ್ಟರ್ ಬರ್ಲಿ ಗ್ರಿಫಿನ್ ಯೋಜನೆ ಹಾಕಿದ. ಮರಿಯನ್ ಅದನ್ನು ಬಟ್ಟೆಯ ಮೇಲೆ ದೊಡ್ಡ ದೊಡ್ಡ ಚಿತ್ರಗಳಾಗಿ ಬರೆದಳು. 1912ರಲ್ಲಿ ಅವರೇ ಗೆದ್ದರು. ಗಂಡ ಹೆಂಡತಿ ಇಬ್ಬರೂ ಆಗ ಆಸ್ಟ್ರೇಲಿಯಾವನ್ನು ಕಣ್ಣಿಂದ ಕಂಡವರೇ ಅಲ್ಲ!

ಕಾಣದ ಊರನ್ನು ಬರೆದದ್ದು ಹೇಗೆ? ಈ ಪ್ರಶ್ನೆಯೇ ನನ್ನನ್ನು ಕಾಡಿದ್ದು. ಸ್ಪರ್ಧಿಗಳಿಗೆ ಅಲ್ಲಿನ ಸರ್ಕಾರ ಭೂಮಿಯ ಏರಿಳಿತದ ನಕ್ಷೆಗಳನ್ನೂ, ಕೌಲ್ಟರ್ ಅನ್ನೋ ಕಲಾವಿದ ಆ ಜಾಗದಲ್ಲೇ ನಿಂತು ಬರೆದ ಉದ್ದನೆಯ ಜಲವರ್ಣ ಚಿತ್ರಗಳ ಪ್ರತಿಗಳನ್ನೂ ಕಳಿಸಿತ್ತು. ಬೆಟ್ಟ ಇದ್ದಲ್ಲಿ ಬೆಟ್ಟ, ಬಯಲು ಇದ್ದಲ್ಲಿ ಬಯಲು. ಗ್ರಿಫಿನ್ ದಂಪತಿ ಆ ಬೆಟ್ಟಗಳನ್ನು ಅಳಿಸಲಿಲ್ಲ; ಅವುಗಳನ್ನೇ ಹಿಡಿದು ನಗರದ ಗೆರೆ ಎಳೆದರು. ಚಿತ್ರದಲ್ಲಿದ್ದ ಸರೋವರ ನಿಜವಾಗಿ ತುಂಬಿ ಉದ್ಘಾಟನೆಯಾದದ್ದು 1964ರಲ್ಲಿ. ಅಷ್ಟರಲ್ಲಿ ವಾಲ್ಟರ್ ತೀರಿಹೋಗಿ ಬಹಳ ವರ್ಷ ಆಗಿತ್ತು. ತೀರಿಹೋದದ್ದು ಎಲ್ಲಿ ಗೊತ್ತಾ? ನಮ್ಮ ಲಖನೌದಲ್ಲಿ, 1937ರಲ್ಲಿ, ಇಲ್ಲಿನ ಕಟ್ಟಡಗಳಿಗೆ ವಿನ್ಯಾಸ ಮಾಡುತ್ತಿದ್ದಾಗ.

ಇನ್ನೊಬ್ಬ ಹ್ಯೂ ಫೆರಿಸ್. ನ್ಯೂಯಾರ್ಕಿನವನು, ಇದ್ದಿಲಿನಲ್ಲಿ ಕಟ್ಟಡಗಳನ್ನು ಬರೆಯುತ್ತಿದ್ದ. ಗಗನಚುಂಬಿಗಳು ಬೀದಿಯ ಬೆಳಕನ್ನೇ ನುಂಗುತ್ತಿವೆ ಅಂತ ಆ ನಗರ 1916ರಲ್ಲಿ ಕಾನೂನು ತಂದಿತು: ಎತ್ತರ ಹೋದಂತೆ ಕಟ್ಟಡ ಹಿಂದೆ ಸರಿಯಬೇಕು. ಓದಿದರೆ ತಲೆಗೆ ಹತ್ತದ ಕಾನೂನು. 1922ರಲ್ಲಿ ಫೆರಿಸ್ ಅದನ್ನು ನಾಲ್ಕು ಚಿತ್ರದಲ್ಲಿ ತೋರಿಸಿದ. ಕಾನೂನು ಬಿಟ್ಟುಕೊಡುವ ದೊಡ್ಡ ಗುಡ್ಡದಂಥ ಆಕಾರ ಮೊದಲು; ಅದಕ್ಕೆ ಬೆಳಕು ಬರುವ ಹಾಗೆ ಕೊಯ್ತ; ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಆಕಾರ; ಕೊನೆಗೆ ಕಟ್ಟಡ. ಅವನು ಅಲ್ಲಿ ಯಾರಿಗೂ ಫ್ಲ್ಯಾಟ್ ಮಾರುತ್ತಿರಲಿಲ್ಲ. ಚಿತ್ರ ಬರೆದು ಯೋಚನೆ ಮಾಡುತ್ತಿದ್ದ.

ರೆಂಡರಿಂಗ್‌ನಿಂದ ಎರಡೂ ಮಾಡಬಹುದು, ಯೋಚಿಸಬಹುದು, ಮಾರಬಹುದು. ಅಪ್ಪನಿಗೆ ನಾನು ಮಾಡಿದ್ದು ಎರಡನೆಯದು. ಗಿರಾಕಿ ಅಪ್ಪ, ಸರಕು ನನ್ನ ಜಂಬ.

ಚಂದ ಕಾಣಿಸುವ ಗುಟ್ಟುಗಳು

ನಮ್ಮ ಕೈಯಲ್ಲಿರುವ ಉಪಾಯಗಳನ್ನು ಒಂದಿಷ್ಟು ಹೇಳಿಬಿಡುತ್ತೇನೆ. ಸಹೋದ್ಯೋಗಿಗಳು ಬೈದರೂ ಪರವಾಗಿಲ್ಲ.

ಸಣ್ಣ ಜಾಗ ದೊಡ್ಡದಾಗಿ ಕಾಣಬೇಕಾ? ಕ್ಯಾಮೆರಾಕ್ಕೆ ವೈಡ್ ಲೆನ್ಸ್. ಹತ್ತಡಿ ರೂಮು ಹದಿನೈದಡಿ ಅನ್ನಿಸುತ್ತೆ. ಇನ್ನೂ ಸಾಲದಿದ್ದರೆ ಎದುರಿನ ಗೋಡೆಯನ್ನೇ ಮರೆಮಾಡಿ ಕ್ಯಾಮೆರಾವನ್ನು ಪಕ್ಕದ ಮನೆಯೊಳಗೆ ಇಡುತ್ತೇವೆ. ನಿಜ ಜೀವನದಲ್ಲಿ ಅಲ್ಲಿಂದ ನೋಡಲು ಸಾಧ್ಯವೇ ಇಲ್ಲ.

ಸೋಫಾ, ಮಂಚ ಸ್ವಲ್ಪ ಚಿಕ್ಕವು. ಮರಗಳು ಇಪ್ಪತ್ತು ವರ್ಷದವು, ಮನೆಗೆ ಮಾತ್ರ ಒಂದೇ ದಿನದ ವಯಸ್ಸು. ಕರೆಂಟ್ ಕಂಬ, ಕೇಬಲ್ ವೈರ್, ಮೀಟರ್ ಬಾಕ್ಸ್, ನೀರಿನ ಟ್ಯಾಂಕ್, ಬಟ್ಟೆ ಒಣಹಾಕುವ ಹಗ್ಗ ಯಾವುದೂ ಇಲ್ಲ. ಪಕ್ಕದ ಸೈಟಿನಲ್ಲಿ ಏಳಲಿರುವ ಮೂರಂತಸ್ತು ಕಟ್ಟಡದ ಜಾಗದಲ್ಲಿ ನೀಲಿ ಆಕಾಶ. ನೆಲ ಸದಾ ಈಗಷ್ಟೇ ಮಳೆ ಬಂದು ನಿಂತಂತೆ ಹೊಳೆಯುತ್ತೆ. ವರ್ಷವೆಲ್ಲ ಮುಗಿಲು ನೋಡುತ್ತಾ ಕೂರುವ ನಮ್ಮ ತಾಲ್ಲೂಕಿನಲ್ಲಿ!

ಗೋಡೆಗೆ ಹಾಕುವ ಕಲ್ಲು ವಿದೇಶಿ ಲೈಬ್ರರಿಯಿಂದ ಡೌನ್‌ಲೋಡ್ ಮಾಡಿದ್ದು. ಹೆದ್ದಾರಿಯಲ್ಲಿ ಅರ್ಧ-ಮುಕ್ಕಾಲು ಗಂಟೆ ದಾರಿಯ ಇಳಕಲ್ಲಿನಲ್ಲಿ ದೇಶಾಂತರ ಹೋಗುವ ಕೆಂಪು ಗ್ರಾನೈಟ್ ಇದೆ. ನನ್ನ ಫೈಲಿನಲ್ಲಿ ಮಾತ್ರ ಅದರ ಚಿತ್ರ ಇರಲಿಲ್ಲ. ಜನರೂ ಅಷ್ಟೇ, ಲೈಬ್ರರಿಯವರು. ಆ ನಾಯಿ ಹಿಡಿದ ಹೆಂಗಸು ಬಂದದ್ದು ಅಲ್ಲಿಂದ.

ಈಗ ಎಐ ಬಂದಿದೆ. ಒಂದು ಸಾಲು ಟೈಪ್ ಮಾಡಿದರೆ ಹತ್ತು ಸೆಕೆಂಡಿಗೆ ನಾಲ್ಕು ಎಲಿವೇಷನ್. ಅದಕ್ಕೆ ಸೈಟು ಎಷ್ಟು ಅಡಿ, ಪಿಲ್ಲರ್ ಎಲ್ಲಿ ಬರುತ್ತೆ ಏನೂ ಬೇಡ. ನನ್ನ ಚಿತ್ರದ ಹಿಂದೆ ಕನಿಷ್ಠ ಅಳತೆಯ ಮಾಡೆಲ್ ಆದರೂ ಇರುತ್ತಿತ್ತು. ಇದರ ಹಿಂದೆ ಅದೂ ಇಲ್ಲ.

ಬಣ್ಣವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳಿವೆ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಸಂದುಗಳ ಮೇಲೆ ಗೋಣಿನಾರು, ಮರದ ಪುಡಿಯ ಕಿಟ್ಟ ಮೆತ್ತಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು, ಎಲ್ಲಾ ಆದ ಮೇಲೆ ಬಣ್ಣ. ಅಲ್ಲಿ ಬಣ್ಣ ಕಣ್ಣು ಕುಕ್ಕುತ್ತೆ, ಆದರೆ ಅದು ನಿಲ್ಲಲು ಕೆಳಗೊಂದು ಗಟ್ಟಿ ಮೈ ಇದೆ. ನನ್ನದು ಬರೀ ಬಣ್ಣ ಆಗಿತ್ತು.

ಸಣ್ಣ ಅಕ್ಷರದ ಆಚೆ

2025ರಲ್ಲಿ ಕುಷ್ಟಗಿಗೆ ರೈಲು ಬಂತು. ಅದರ ಬೆನ್ನಿಗೇ ನನ್ನ ಫೋನಿಗೆ ಲೇಔಟ್‌ಗಳ ಚಿತ್ರಗಳು ಬರತೊಡಗಿದವು. ಸ್ವಾಗತ ಕಮಾನು, ಎರಡೂ ಬದಿ ತಾಳೆಮರ, ಈಜುಕೊಳ. ಬೆಂಗಳೂರಿನಲ್ಲಿರುವ ನನ್ನ ಕ್ಲಾಸ್‌ಮೇಟ್‌ಗಳು ಊರಿಗೆ ಹೋಗಿ ನೋಡದೆ, ಚಿತ್ರ ನೋಡಿಯೇ ಅಡ್ವಾನ್ಸ್ ಕಳಿಸುತ್ತಾರೆ. ಅವರಿಗೆ ಎರಡು ಮಾತು.

2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ನಿಮ್ಮ ಪರ ಇದೆ. ಜಾಹೀರಾತು, ಬ್ರೋಷರ್ ಅಥವಾ ಮಾದರಿ ಮನೆಯನ್ನು ನಂಬಿ ನೀವು ಮುಂಗಡ ಕೊಟ್ಟು, ಅದರಲ್ಲಿದ್ದ ತಪ್ಪು ಮಾಹಿತಿಯಿಂದ ನಷ್ಟವಾದರೆ ಪರಿಹಾರ ಕೇಳಬಹುದು. ಯೋಜನೆಯಿಂದಲೇ ಹೊರಬರುತ್ತೇನೆ ಅಂದರೆ ಹಾಕಿದ ಹಣ ಬಡ್ಡಿ ಸಮೇತ ವಾಪಸ್ ಕೇಳುವ ಹಕ್ಕಿದೆ. 500 ಚದರ ಮೀಟರ್ ಮೀರಿದ ಜಾಗದ ಲೇಔಟ್‌ಗಳೂ ಸಾಮಾನ್ಯವಾಗಿ ರೇರಾ ನೋಂದಣಿಗೆ ಒಳಪಡುತ್ತವೆ. ಬ್ರೋಷರಿನಲ್ಲಿ ನಂಬರ್ ಇದ್ದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ, ಮಂಜೂರಾದ ನಕ್ಷೆ ನೋಡಿ. ಚಿತ್ರದ ಈಜುಕೊಳ ನಕ್ಷೆಯಲ್ಲಿ ಇದೆಯಾ? ಇಲ್ಲದಿದ್ದರೆ ಅದು ತಾಳೆಮರದ ಹಾಗೆ ಲೈಬ್ರರಿಯದು. ಬ್ರೋಷರನ್ನು ಡಿಲೀಟ್ ಮಾಡಬೇಡಿ, ನಾಳೆ ಅದೇ ಸಾಕ್ಷಿ.

ಆದರೆ ಸ್ವಂತ ಮನೆ ಕಟ್ಟಿಸುವವರಿಗೆ, ಅದರಲ್ಲೂ ಮಗಳೇ ಚಿತ್ರ ಮಾಡಿದಾಗ, ಈ ಕಾಯ್ದೆ ನೆರವಿಗೆ ಬರುವುದಿಲ್ಲ. ಹಾಗಾಗಿ ತ್ರೀಡಿ ಮಾಡಿಸುವಾಗ ಇಷ್ಟನ್ನು ಕೇಳಿ:

ಒಂದು, ಈ ಚಿತ್ರದಲ್ಲಿ ತಾರೀಖು, ಸಮಯ ಏನು? ಮೇ ತಿಂಗಳ ಸಂಜೆ ನಾಲ್ಕರದ್ದು ಒಂದು ಕೊಡಿ ಅನ್ನಿ. ಬಟನ್ ಒತ್ತಿದರೆ ಆಗುವ ಕೆಲಸ, ಯಾರೂ ಇಲ್ಲ ಅನ್ನಬಾರದು.

ಎರಡು, ಕ್ಯಾಮೆರಾ ಎಲ್ಲಿದೆ? ರಸ್ತೆ ಮೇಲೆ ನಿಂತವನ ಕಣ್ಣಿನ ಎತ್ತರದಿಂದ ಒಂದು ಚಿತ್ರ ಕೇಳಿ. ಡ್ರೋನ್ ನೋಟದಲ್ಲಿ ಯಾರೂ ಮನೆಗೆ ಬರುವುದಿಲ್ಲ.

ಮೂರು, ಟ್ಯಾಂಕು, ಕಂಬ, ಪಕ್ಕದ ಮನೆ, ಗೇಟಿನ ಮುಂದಿನ ಚರಂಡಿ ಎಲ್ಲಾ ಇರಲಿ.

ನಾಲ್ಕು, ಚಿತ್ರದಲ್ಲಿ ಕಾಣುವ ಕಲ್ಲು, ಮರ, ಗಾಜು ನಮ್ಮ ಕಡೆ ಏನು ರೇಟಿಗೆ ಸಿಗುತ್ತೆ ಅನ್ನೋ ಪಟ್ಟಿ ಜೊತೆಗೇ ಬರಲಿ.

ಐದು, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮನೆಯಲ್ಲೇ ಇರುವವರು ಯಾರೋ, ಅವರಿಗೆ ಮೊದಲು ತೋರಿಸಿ. ಅವರು ಕೇಳಿದ ಪ್ರಶ್ನೆಗೆ ನಗಬೇಡಿ.

ಮೇ 4, ಸಂಜೆ 4

ಈ ವರ್ಷ ಗಾಜಿನ ಮುಂದೆ ಪಡಸಾಲೆ ಇಳಿಸೋಣ ಅಂತ ನಿರ್ಧಾರ ಆಗಿದೆ. ದುಡ್ಡು ನನ್ನದು. ಅದೇ ಎಂಜಿನಿಯರ್ ಹತ್ತಿರ ಹೋಗಿ ಕ್ಷಮೆ ಕೇಳಿ, ಹಳೇ ಪ್ಲ್ಯಾನ್ ಇಸಕೊಂಡು ಬಂದೆ. ಅವರು ಅದನ್ನು ಇಟ್ಟುಕೊಂಡೇ ಇದ್ದರು. “ಬರ್ತೀರಿ ಅಂತ ಗೊತ್ತಿತ್ರಿ” ಅಂತ ನಕ್ಕರು.

ಹೊಸದೊಂದು ರೆಂಡರ್ ಮಾಡಿದೆ. ಸ್ಥಳ ಕುಷ್ಟಗಿ, ತಾರೀಖು ಮೇ 4, ಸಂಜೆ 4 ಗಂಟೆ. ಮೊದಲು ಊರಿಗೆ ಹೋಗಿ ರಸ್ತೆಯ ಆಚೆ ನಿಂತು ಇರುವುದನ್ನೆಲ್ಲಾ ಫೋಟೋ ಹೊಡೆದುಕೊಂಡೆ. ಆಕಾಶ ಬಿಳಿಚಿಕೊಂಡಿದೆ. ರಸ್ತೆ ಧೂಳು. ಮೇಲೆ ಕರಿ ಟ್ಯಾಂಕು, ಅಡ್ಡಡ್ಡ ವೈರುಗಳು. ಪಡಸಾಲೆಯ ನೆರಳು ಗಾಜಿನ ಅರ್ಧಕ್ಕೆ ಬಂದು ನಿಂತಿದೆ. ಉಳಿದರ್ಧಕ್ಕೆ ಸಿಮೆಂಟ್ ಜಾಲಿ. ಕಟ್ಟೆ ಮೇಲೆ ಮೆಣಸಿನಕಾಯಿ ಒಣಹಾಕಿದೆ. ಪಕ್ಕದಲ್ಲಿ ಇಳಕಲ್ ಸೀರೆಯ ಒಬ್ಬ ಮುದುಕಿ ಕೂತಿದ್ದಾಳೆ. ಅವಳು ಯಾವ ಲೈಬ್ರರಿಯಲ್ಲೂ ಸಿಗಲಿಲ್ಲ, ನಾನೇ ಫೋಟೋದಿಂದ ಕತ್ತರಿಸಿ ಕೂರಿಸಿದೆ.

ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. “ಮೊದಲಿಂದು ಇದಕ್ಕಿಂತ ಚಂದ ಇತ್ತು” ಅಂದರು.

ಅಜ್ಜಿ ಫೋನ್ ಕಸಿದುಕೊಂಡು, ಬೆರಳಿನಿಂದ ಎಳೆದು ಎಳೆದು ದೊಡ್ಡದು ಮಾಡಿ ನೋಡಿದಳು. “ಇಲ್ಲೇ ಅದೀನಲ್ಲ ನಾನು” ಅಂದಳು. ಆಮೇಲೆ ಇನ್ನೂ ಸ್ವಲ್ಪ ನೋಡಿ, “ಮೆಣಸಿನಕಾಯಿ ನೆರಳಾಗ ಯಾಕ ಹಾಕೀದಿ? ಬಿಸಲಿಗೆ ಹಾಕು” ಅಂದಳು.

ತಿದ್ದಿದೆ. ಕೆಲಸ ಮುಂದಿನ ತಿಂಗಳು ಶುರು. ಅಪ್ಪ ಡಿಪಿ ಇನ್ನೂ ಬದಲಾಯಿಸಿಲ್ಲ.